ಕರಟದ ಹಾಲು, ಅಟ್ಟದ ಇಲಿ

ಬೆಕ್ಕಿಗೆ ಹಾಲು ಹಾಕಬೇಡಿ ಎಂದು ಹೇಳುವುದು ನಮ್ಮ ಕಡೆ ಸುಲಭದ ಮಾತಲ್ಲ. ಬೆಕ್ಕು ಅಂದ ಕೂಡಲೇ ಹಾಲು ನೆನಪಾಗಬೇಕು, ನಾವೆಲ್ಲ ಹಾಗೇ ಬೆಳೆದವರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಗಾದೆಯಲ್ಲಿದೆ. ನೆಲುವಿನ ಮೇಲಿನ ಪಾತ್ರೆಗೆ ಹೊಂಚು ಹಾಕುವ ಬೆಕ್ಕು ಅಜ್ಜಿಯರ ಬೈಗುಳದಲ್ಲಿದೆ. ತೆನಾಲಿ ರಾಮಕೃಷ್ಣನ ಬೆಕ್ಕಂತೂ ಅಕ್ಷರ ಕಲಿಯುವ ಮೊದಲೇ ಮಕ್ಕಳಿಗೆ ಪರಿಚಯವಾಗಿರುತ್ತದೆ. ಕೃಷ್ಣದೇವರಾಯ ಇಲಿಕಾಟ ತಪ್ಪಿಸಲು ಮನೆಗೊಂದು ಬೆಕ್ಕು ಕೊಟ್ಟು, ಅದರ ಹಾಲಿಗೆಂದು ಹಸುವನ್ನೂ ಕೊಟ್ಟನಂತೆ. ರಾಮಕೃಷ್ಣ ಕುದಿಯುವ ಹಾಲನ್ನೇ ಮುಂದಿಟ್ಟ, ಬೆಕ್ಕು ನಾಲಿಗೆ ಸುಟ್ಟುಕೊಂಡಿತು, ಆಮೇಲೆ ಹಾಲು ಕಂಡರೆ ಓಟ. ಮಕ್ಕಳು ಇಲ್ಲಿಗೆ ಬಂದಾಗ ನಗುತ್ತಾರೆ. ನನಗೆ ಚಿಕ್ಕಂದಿನಿಂದಲೂ ಆ ಬೆಕ್ಕಿನದೇ ಚಿಂತೆ. ಸುಟ್ಟ ನಾಲಿಗೆಯನ್ನು ಯಾರು ವಿಚಾರಿಸಿದರು? ರಾಜ, ವಿಕಟಕವಿ ಇಬ್ಬರೂ ಒಂದು ವಿಷಯದಲ್ಲಿ ಒಂದೇ ಪಕ್ಷ: ಬೆಕ್ಕು ಬದುಕುವುದು ಹಾಲಿನಿಂದ ಎಂದು ಇಬ್ಬರೂ ನಂಬಿದ್ದಾರೆ. ಇಲಿ ಹಿಡಿಯಲು ಬಂದ ಪ್ರಾಣಿಗೆ ಇಲಿಯೇ ಊಟ ಎಂಬ ಮಾತು ಕಥೆಯಲ್ಲಿ ಎಲ್ಲೂ ಬರುವುದಿಲ್ಲ.

ಈಗ ಈ ವಿಷಯ ಎತ್ತಲು ಕಾರಣ ಕೆಂಚ. ತೀರ್ಥಹಳ್ಳಿಯ ಕಡೆ ನನ್ನ ತವರುಮನೆಯಲ್ಲಿ ಹುಟ್ಟಿದ ಮರಿ. ಹೆಸರೇ ಹೇಳುವಂತೆ ಕೆಂಚು ಬಣ್ಣ, ಗಂಡು. ದೀಪಾವಳಿಗೆ ಊರಿಗೆ ಹೋಗಿದ್ದ ತಂಗಿಯ ಮಗಳು ಈ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬೆಂಗಳೂರಿಗೆ ಬಂದಳು. ಎರಡೂವರೆ ತಿಂಗಳಿನ ಕೂಸು. ಬಂದ ಸಂಜೆಯೇ ಅಂಗಡಿಯಲ್ಲಿ ಸಿಕ್ಕಿದ್ದರಲ್ಲಿ ಒಳ್ಳೆಯದೆಂದು ಮರಿಗಳ ಒಣ ಆಹಾರದ ದೊಡ್ಡ ಚೀಲ ತಂದು, ಬಟ್ಟಲ ತುಂಬ ಸುರಿದು, ಪಕ್ಕದಲ್ಲಿ ಇನ್ನೊಂದು ಬಟ್ಟಲಲ್ಲಿ ಪ್ಯಾಕೆಟ್ ಹಾಲು ಇಟ್ಟಳು. ಪ್ರೀತಿಯಿಂದಲೇ ಮಾಡಿದ್ದು. ಎರಡು ದಿನ ಕಳೆಯುವಷ್ಟರಲ್ಲಿ ಫೋನ್ ಬಂತು.

"ದೊಡ್ಡಮ್ಮಾ, ಕೆಂಚನಿಗೆ ಹೊಟ್ಟೆ ಕೆಟ್ಟಿದೆ. ನೀರು ನೀರಾಗಿ ಹೋಗ್ತಿದೆ. ಅತ್ತೆ ಮನೇಲಿ ಇದೇ ಹಾಲು ಕುಡ್ಕೊಂಡು ಚೆನ್ನಾಗಿದ್ನಲ್ಲ!"

ಅವಳ ಕೊನೆಯ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿತು, ಯಾಕೆಂದರೆ ಅದು ನಮ್ಮೆಲ್ಲರ ಮಾತು. ತವರಿನಲ್ಲಿ ಅತ್ತಿಗೆಯ ಕೊಟ್ಟಿಗೆಯಲ್ಲಿ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಬೆಕ್ಕುಗಳೆಲ್ಲ ಬಾಗಿಲಲ್ಲಿ ಕೂತಿರುತ್ತವೆ. ಕಂಬದ ಬುಡದಲ್ಲೊಂದು ತೆಂಗಿನ ಕರಟ, ಅದಕ್ಕೆ ಒಂದಿಷ್ಟು ನೊರೆಹಾಲು. ನಾಲ್ಕೈದು ಬೆಕ್ಕು ಹಂಚಿಕೊಂಡರೆ ಒಂದೊಂದಕ್ಕೆ ಒಂದೆರಡು ಚಮಚ. ಮಧ್ಯಾಹ್ನ ಕಲಸನ್ನದ ಒಂದು ತುತ್ತು. ನಾವು ನೋಡುವುದು ಇಷ್ಟನ್ನೇ. ರಾತ್ರಿ ಅಟ್ಟದ ಮೇಲೆ, ಅಡಿಕೆ ಮೂಟೆಗಳ ಸಂದಿಯಲ್ಲಿ, ಭತ್ತದ ಕಣಜದ ಸುತ್ತ ಏನು ನಡೆಯುತ್ತದೆ ಎಂಬುದನ್ನು ಯಾರೂ ಎದ್ದು ನೋಡುವುದಿಲ್ಲ. ಇಲಿ, ಹಲ್ಲಿ, ಮಿಡತೆ, ಗದ್ದೆಯಂಚಿನ ಕಪ್ಪೆ ಎಲ್ಲ ಆಗುತ್ತದೆ. ತಾಯಿಬೆಕ್ಕು ಅರೆಜೀವದ ಇಲಿಯನ್ನು ಮರಿಗಳ ಮುಂದೆ ತಂದು ಬಿಡುತ್ತದೆ. ಕೆಂಚ ಬೆಳೆದದ್ದು ಆ ಊಟದಲ್ಲಿ. ಹಾಲು ಬಾಯಿ ರುಚಿಗೆ ಸಿಕ್ಕಿದ ಮೇಲಿನ ಮಾತು. ಹಗಲಿನಲ್ಲಿ ಕಣ್ಣಿಗೆ ಬಿದ್ದ ಕರಟವನ್ನು ನಂಬಿ, ಕತ್ತಲೆಯ ಅಟ್ಟವನ್ನು ನಾವು ಲೆಕ್ಕದಿಂದ ಬಿಟ್ಟಿದ್ದೇವೆ.

ಇಲಿಯ ಮೈಯಲ್ಲಿ ಮೂರನೇ ಎರಡು ಪಾಲಿನಷ್ಟು ನೀರಿರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಪ್ರೋಟೀನು ಮತ್ತು ಕೊಬ್ಬು, ಪಿಷ್ಟದ ಅಂಶ ಬಹಳ ಕಡಿಮೆ. ಒಂದು ಸಣ್ಣ ಇಲಿಯಿಂದ ಸುಮಾರು 30 ಕಿಲೊಕ್ಯಾಲರಿ. ದೊಡ್ಡ ಬೆಕ್ಕೊಂದು ಇಲಿಯಿಂದಲೇ ಹೊಟ್ಟೆ ತುಂಬಿಸಿಕೊಳ್ಳಬೇಕಾದರೆ ದಿನಕ್ಕೆ ಏಳೆಂಟು ಬೇಕು. ಹಾಗಾಗಿ ಬೆಕ್ಕಿನದು ದಿನವಿಡೀ ಸ್ವಲ್ಪ ಸ್ವಲ್ಪವೇ ಉಣ್ಣುವ ಜಾತಿ. ಒಣ ಆಹಾರದಲ್ಲಿ ನೀರು ನೂರಕ್ಕೆ ಹತ್ತರಷ್ಟು ಮಾತ್ರ, ಕಾಳಾಗಿ ಗಟ್ಟಿ ನಿಲ್ಲಲು ಅಕ್ಕಿಯದೋ ಜೋಳದ್ದೋ ಪಿಷ್ಟ ಬೇಕೇ ಬೇಕು. ಅದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪಟ್ಟಣದ ಫ್ಲ್ಯಾಟಿನಲ್ಲಿ ಮರಿ ಸಾಕುವವರಿಗೆ ಎಲ್ಲ ಪೋಷಕಾಂಶ ಹಾಕಿ ಮಾಡಿದ ಅಂಥ ಆಹಾರವೇ ಭದ್ರವಾದ ದಾರಿ. ಆದರೆ ಬುಟ್ಟಿಯಿಂದ ಇಳಿದ ಸಂಜೆಯಲ್ಲಿ ಕೆಂಚನ ಹೊಟ್ಟೆಗೆ ಎಲ್ಲವೂ ಒಟ್ಟಿಗೆ ಬದಲಾಗಿತ್ತು. ಅಮ್ಮ ಇಲ್ಲ, ನೀರು ಬೇರೆ, ಒದ್ದೆ ಊಟದ ಜಾಗದಲ್ಲಿ ಒಣ ಊಟ, ಚಮಚದ ಜಾಗದಲ್ಲಿ ಬಟ್ಟಲು.

ಹಾಲಿನ ಕೆಲಸ ಇದರಲ್ಲಿ ಬೇರೆಯೇ. ತಾಯಿಯ ಹಾಲು ಕುಡಿಯುವ ಮರಿಯ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕಾದಷ್ಟಿರುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವುದು ಅದೇ. ನಾಲ್ಕನೆಯ ವಾರದಿಂದ ತಾಯಿ ಹಾಲು ಬಿಡಿಸಲು ಶುರು ಮಾಡುತ್ತದೆ, ಎಂಟನೆಯ ವಾರದ ಸುಮಾರಿಗೆ ಅದು ಮುಗಿಯುತ್ತದೆ. ಅಲ್ಲಿಂದ ಆ ಕಿಣ್ವವೂ ಇಳಿಯುತ್ತ ಹೋಗುತ್ತದೆ. ಹಸುವಿನ ಹಾಲಿನ 100 ಗ್ರಾಮಿನಲ್ಲಿ ಹೆಚ್ಚುಕಡಿಮೆ 5 ಗ್ರಾಂ ಲ್ಯಾಕ್ಟೋಸ್ ಇದೆ. ಒಡೆಯದೆ ಉಳಿದದ್ದು ಕರುಳಿನೊಳಕ್ಕೆ ನೀರನ್ನು ಎಳೆದುಕೊಳ್ಳುತ್ತದೆ, ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳ ಕೈಯಲ್ಲಿ ಹುಳಿತು ಗಾಳಿಯಾಗುತ್ತದೆ. ಹೊಟ್ಟೆ ಗುಡುಗುಡು ಅನ್ನುವುದು, ಮರಿ ಓಡಿಹೋಗಿ ಮರಳಿನ ಟ್ರೇ ಮುಟ್ಟುವಷ್ಟರಲ್ಲಿ ಆಗಿಬಿಡುವುದು ಇದರಿಂದಲೇ. ಕರಟದ ಎರಡು ಚಮಚವನ್ನು ತಡೆದುಕೊಂಡ ಕರುಳು ಬಟ್ಟಲು ಹಾಲನ್ನು ತಡೆದುಕೊಳ್ಳಬೇಕೆಂದಿಲ್ಲ.

ಹಾಲನ್ನು ಪಕ್ಕಕ್ಕಿಟ್ಟರೂ ಬರೀ ಊಟ ಬದಲಾಗಿದ್ದಕ್ಕೆ ಹೊಟ್ಟೆ ಕೆಡುವುದಿದೆ. ಕರುಳಿನೊಳಗೆ ನೆಲೆಸಿದ ಸೂಕ್ಷ್ಮಜೀವಿಗಳು ದಿನಾ ಬರುವ ಊಟಕ್ಕೆ ತಕ್ಕ ಹಾಗೆ ಹೆಚ್ಚಿ ತಗ್ಗಿ ಒಂದು ಹದಕ್ಕೆ ಬಂದಿರುತ್ತವೆ. ಊರು ಬದಲಾಯಿಸಿದ ಮನೆಯವರಿಗೆ ಗೊತ್ತು, ಹೊಸ ಊರಿನ ಹಾಲಿಗೆ ಹಳೆ ಮನೆಯ ಹೆಪ್ಪು ಹಾಕಿದರೆ ಮೊದಲ ಒಂದೆರಡು ಸಲ ಮೊಸರು ನೂಲುನೂಲಾಗಿ ಬರುತ್ತದೆ, ಆಮೇಲೆ ತಾನಾಗಿ ಗಟ್ಟಿಯಾಗುತ್ತದೆ. ಮರಿಯ ಹೊಟ್ಟೆಯೊಳಗೂ ಹಾಗೇ ಸ್ವಲ್ಪ ಕಾಲ ಬೇಕು. ಜೊತೆಗೆ ಕೊಬ್ಬು ಹೆಚ್ಚಿದ್ದರೆ, ಪಿಷ್ಟ ಹೊಸದಾಗಿದ್ದರೆ ಜೀರ್ಣರಸಗಳೂ ಅದಕ್ಕೆ ಹೊಂದಿಕೊಳ್ಳಬೇಕು. ಹೊಸ ರುಚಿ ಎಂದು ಗಬಗಬ ತಿಂದರಂತೂ ಒಳ್ಳೆಯ ಊಟವೂ ಭೇದಿಯಾಗುತ್ತದೆ.

ಫೋನಿನಲ್ಲಿ ನಾನು ಕೇಳಿದ್ದು: ಆಡ್ತಿದಾನಾ? ತಿಂತಿದಾನಾ? ವಾಂತಿ ಇದೆಯಾ? ರಕ್ತ ಏನಾದ್ರೂ? ಆಡುತ್ತಿದ್ದ, ಪರದೆ ಹತ್ತಿ ಇಳಿಯುತ್ತಿದ್ದ, ವಾಂತಿ ಇರಲಿಲ್ಲ, ರಕ್ತವೂ ಇರಲಿಲ್ಲ. ಅಷ್ಟು ಕೇಳಿ ಉಸಿರು ಬಂತು. "ಹಾಗಿದ್ರೆ ಒಂದಿನ ಉಪವಾಸ ಹಾಕ್ಲಾ ದೊಡ್ಡಮ್ಮ? ಅಮ್ಮ ಹೇಳ್ತಿದಾಳೆ, ಲಂಘನಂ ಪರಮೌಷಧಂ ಅಂತ." ತಂಗಿ ಹೇಳಿದ್ದು ನಮ್ಮ ಮನೆಯ ಹಳೆಯ ಮಾತು. ದೊಡ್ಡವರ ಅಜೀರ್ಣಕ್ಕೆ ಸರಿ, ಆದರೆ ಬೆಕ್ಕಿನ ಮರಿಗೆ ಅಪಾಯ. ಮರಿಯ ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆ ಬಹಳ ಕಡಿಮೆ, ಕೆಲವೇ ಗಂಟೆ ಬರಿಹೊಟ್ಟೆಯಲ್ಲಿದ್ದರೆ ರಕ್ತದ ಸಕ್ಕರೆ ಕುಸಿದು ಮರಿ ತಣ್ಣಗಾಗಿ ಮಂಕಾಗುತ್ತದೆ. ಬೆಳೆದ ಬೆಕ್ಕಿಗೂ ಉಪವಾಸ ಒಗ್ಗದು. ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ಬೊಜ್ಜಿದ್ದರೆ, ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ಬಂದು ತುಂಬಿಕೊಂಡು ಜೀವಕ್ಕೇ ಬರುತ್ತದೆ. ಕರುಳಿನ ಒಳಪದರ ತನ್ನ ಮುಂದೆ ಹಾದುಹೋಗುವ ಊಟದಿಂದಲೇ ತನಗೆ ಬೇಕಾದ್ದನ್ನು ಹೀರಿಕೊಂಡು ಬದುಕುವಂಥದ್ದು. ಊಟ ನಿಲ್ಲಿಸಿದರೆ ಅದಕ್ಕೇ ಅನ್ನವಿಲ್ಲ. ಆದ್ದರಿಂದ ಊಟ ನಿಲ್ಲಿಸಬಾರದು, ಸಣ್ಣದು ಮಾಡಬೇಕು. ದಿನಕ್ಕೆ ಎರಡು ಸಲ ಕೊಡುವುದನ್ನೇ ಐದು ಆರು ಸಲಕ್ಕೆ ಹಂಚುವುದು.

ಮನೆಯ ಔಷಧದ ಡಬ್ಬಿಯ ಬಗ್ಗೆ ಒಂದು ಮಾತನ್ನು ನಾನು ಎಲ್ಲರಿಗೂ ಗಟ್ಟಿಯಾಗಿ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ. ನಮ್ಮ ಮಾತ್ರೆಗಳನ್ನು ಬೆಕ್ಕಿಗೆ ಕೊಡಬಾರದು. ಮರಿ ಬೆಚ್ಚಗಿದೆ, ಜ್ವರವಿರಬೇಕು ಎಂದು ಪ್ಯಾರಾಸಿಟಮಾಲ್ ಚೂರು ಮಾಡಿ ಹಾಕುವವರಿದ್ದಾರೆ. ನಮ್ಮ ಮೈ ಆ ಮದ್ದನ್ನು ಕಳೆಯಲು ಬಳಸುವ ಕಿಣ್ವ ಬೆಕ್ಕಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದು ವಿಷವಾಗಿ ರಕ್ತ ಕೆಡುತ್ತದೆ, ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಹುದು. ಭೇದಿ ಕಟ್ಟಿಸುವ ಮಾತ್ರೆಯೂ ಬೇಡ. ಮಕ್ಕಳಿಗೆ ಮಾಡುತ್ತಿದ್ದ ದಾಳಿಂಬೆ ಸಿಪ್ಪೆಯ ಕಷಾಯ, ಓಮದ ನೀರು ಇವೆಲ್ಲ ನಮ್ಮ ಹೊಟ್ಟೆಯ ಅನುಭವದಿಂದ ಬಂದವು, ಅದರ ಹೊಟ್ಟೆಗೆ ತರುವುದು ಬೇಡ. ಸಾರನ್ನ ಹಾಕುವ ಮನೆಗಳಲ್ಲಿ ಇನ್ನೊಂದಿದೆ: ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಗ್ಗರಣೆಯಲ್ಲಿ ಬೆಂದಿದ್ದರೂ ಅಷ್ಟೇ.

ಆಡುತ್ತಿದ್ದರೂ ಕೆಂಚನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗು ಎಂದೆ. ಮೂರು ತಿಂಗಳು ತುಂಬದ ಮರಿ, ಊರಲ್ಲಿ ಒಂದು ಲಸಿಕೆಯೂ ಆಗಿಲ್ಲ. ಊಟ ಬದಲಾಯಿಸಿದ ವಾರದಲ್ಲೇ ಹೊಟ್ಟೆ ಕೆಟ್ಟರೆ ನಮ್ಮ ಬೆರಳು ನೇರವಾಗಿ ಊಟದ ಕಡೆ ಹೋಗುತ್ತದೆ, ಆದರೆ ಹಿಂದೆ ಇನ್ನೇನೋ ಅಡಗಿರಬಹುದು. ಬೆಕ್ಕುಗಳಿಗೆ ಬರುವ ಪ್ಯಾನ್‌ಲ್ಯೂಕೋಪೀನಿಯ ಎಂಬ ವೈರಸ್ ರೋಗದಲ್ಲಿ ವಾಂತಿ, ಭೇದಿ, ಜ್ವರ ಬಂದು ಬಿಳಿ ರಕ್ತಕಣಗಳು ಪಾತಾಳಕ್ಕಿಳಿಯುತ್ತವೆ. ಲಸಿಕೆಯಿಲ್ಲದ ಮರಿಗಳಲ್ಲಿ ಬದುಕುವವು ಕಡಿಮೆ. ಆರರಿಂದ ಎಂಟು ವಾರದೊಳಗೆ ಲಸಿಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರನೆಯ ವಾರದವರೆಗೆ ಹಾಕಿಸಬೇಕು ಎನ್ನುವುದು ಈ ಭಯಕ್ಕೇ. ಆಸ್ಪತ್ರೆಗೆ ಹೋಗುವಾಗ ಹೊಸದಾದ ಮಲವನ್ನು ಚಿಕ್ಕ ಡಬ್ಬಿಯಲ್ಲಿ ಕೊಂಡುಹೋಗು ಎಂದೂ ಹೇಳಿದೆ. ಹುಡುಗಿ ಮುಖ ಸಿಂಡರಿಸಿಕೊಳ್ಳದೆ ಕೊಂಡುಹೋದಳು. ಸೂಕ್ಷ್ಮದರ್ಶಕದಲ್ಲಿ ದುಂಡುಹುಳದ ಮೊಟ್ಟೆಗಳು ಕಂಡವು. ಆ ಜಂತುಹುಳ ಮರಿಗೆ ಬರುವ ಒಂದು ದಾರಿ ತಾಯಿಯ ಹಾಲೇ. ಮರಿ ಮೊದಲ ಗುಟುಕಿನಲ್ಲೇ ಹುಳದ ಮರಿಗಳನ್ನೂ ಕುಡಿದಿರಬಹುದು. ಅದಕ್ಕೇ ಮೂರನೆಯ ವಾರದಿಂದಲೇ ಎರಡು ವಾರಕ್ಕೊಮ್ಮೆ, ಹಾಲು ಬಿಟ್ಟ ಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಹುಳದ ಔಷಧ ಹಾಕುವುದು, ತಾಯಿಗೂ ಹಾಕುವುದು. ಹಳೆಯ ಹುಳ, ಹೊಸ ಊಟ, ಬಟ್ಟಲು ಹಾಲು ಮೂರೂ ಸೇರಿ ಕೆಂಚನ ಹೊಟ್ಟೆ ಕೆಡಿಸಿದ್ದವು.

ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬಡಾವಣೆಗೊಂದು ಖಾಸಗಿ ಕ್ಲಿನಿಕ್ಕೂ ಇದೆ. ಊರ ಕಡೆ ದನದ ಡಾಕ್ಟ್ರನ್ನು ಬೆಕ್ಕಿಗಾಗಿ ಕೇಳಲು ಜನ ಇನ್ನೂ ಸಂಕೋಚಪಡುತ್ತಾರೆ. ಪಡಬಾರದು. ಒಂದು ಕಿಲೋ ಕೂಡ ತೂಗದ ಜೀವಕ್ಕೆ ಒಂದು ರಾತ್ರಿಯ ಭೇದಿಯೆಂದರೆ ದೊಡ್ಡ ನಷ್ಟ.

ಹುಳದ ಔಷಧ ಕೊಟ್ಟ ಡಾಕ್ಟರು ಕೆಲವು ದಿನ ಬೇಯಿಸಿದ ಕೋಳಿ ಕೊಡಿ ಎಂದರು. ನಮ್ಮದು ಮಾಂಸ ಬೇಯಿಸದ ಮನೆ, ತಂಗಿಯದೂ ಹಾಗೇ. ಮಗಳು ಬಾಲ್ಕನಿಯಲ್ಲಿ ಇಂಡಕ್ಷನ್ ಒಲೆ ಇಟ್ಟು, ಬೇರೆಯದೇ ಪಾತ್ರೆಯಲ್ಲಿ ಉಪ್ಪು, ಅರಿಶಿನ, ಎಣ್ಣೆ ಏನೂ ಇಲ್ಲದೆ ಚರ್ಮ ಮೂಳೆ ತೆಗೆದ ಕೋಳಿಯನ್ನು ಬೇಯಿಸಿ ಎಳೆಎಳೆ ಮಾಡಿ ಹಾಕಿದಳು. ತಂಗಿ ಒಂದು ಮಾತೂ ಆಡಲಿಲ್ಲ. ಅವಳ ಬಗ್ಗೆ ನನಗೆ ಆ ದಿನ ಹೆಮ್ಮೆಯಾಯಿತು. ನಾವು ಏನು ತಿನ್ನುತ್ತೇವೆ ಎಂಬುದು ನಮ್ಮ ನಿಷ್ಠೆ, ಅದನ್ನು ಬೆಕ್ಕಿನ ತಟ್ಟೆಗೆ ಬಡಿಸಲಾಗದು. ಟಾರಿನ್ ಎಂಬ ಒಂದು ಅಂಶ ಬೆಕ್ಕಿಗೆ ಬೇಕು, ಅದು ಮಾಂಸದಲ್ಲಿದೆ, ಸೊಪ್ಪು ಕಾಳುಗಳಲ್ಲಿ ಇಲ್ಲ, ಬೆಕ್ಕಿನ ಮೈ ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳಲಾರದು. ಹಾಲಿನ ಪ್ರೋಟೀನಾದ ಕೇಸೀನನ್ನೇ ನೆಚ್ಚಿದ ಊಟದಲ್ಲಿ ಬೆಳೆದ ಬೆಕ್ಕುಗಳ ಅಕ್ಷಿಪಟ ನಶಿಸುವುದು ಟಾರಿನ್ ಕೊರತೆಯಿಂದ ಎಂದು 1975ರಲ್ಲಿ ತಿಳಿದುಬಂತು. 1987ರಲ್ಲಿ ಕ್ಯಾಲಿಫೋರ್ನಿಯದ ಡೇವಿಸ್‌ನ ಪಶುವೈದ್ಯ ಪಾಲ್ ಪಯನ್ ಮತ್ತು ಸಂಗಡಿಗರು ಬೆಕ್ಕುಗಳ ಹೃದಯ ಹಿಗ್ಗಿ ಸೋಲುವ ಕಾಯಿಲೆಗೂ ಅದೇ ಕೊರತೆ ಕಾರಣವೆಂದು ತೋರಿಸಿದರು. ಟಾರಿನ್ ಕೊಟ್ಟಾಗ ಹೃದಯ ಸುಧಾರಿಸಿತು. ಆಮೇಲೆ ಬೆಕ್ಕಿನ ಆಹಾರ ಮಾಡುವವರು ಅದನ್ನು ಹೆಚ್ಚಿಸಿದರು. ಹಾಲನ್ನದಲ್ಲೇ ನಮ್ಮ ಬೆಕ್ಕು ಹತ್ತು ವರ್ಷ ಬದುಕಿತ್ತು ಎನ್ನುವವರು ಅವರ ಮನೆಯ ಅಟ್ಟಕ್ಕೆ ಕೈಮುಗಿಯಬೇಕು. ಮಾಂಸ ಮುಟ್ಟಲಾಗದ ಮನೆಯವರು ಸಂಕಟಪಡಬೇಕಿಲ್ಲ, ಮರಿಗಳಿಗೆಂದೇ ಮಾಡಿದ ಸಿದ್ಧ ಆಹಾರ ತಂದರೆ ಆಯಿತು. ಬರೀ ಕೋಳಿಯೂ ಮೂರು ನಾಲ್ಕು ದಿನಕ್ಕಷ್ಟೇ. ಬರೀ ಮಾಂಸದಲ್ಲಿ ಸುಣ್ಣದಂಶ ತೀರ ಕಡಿಮೆ, ರಂಜಕ ಹೆಚ್ಚು, ಬೆಳೆಯುವ ಮರಿಯ ಮೂಳೆ ಟೊಳ್ಳಾಗುತ್ತದೆ.

ಇನ್ನೊಂದು ತೊಡಕಿತ್ತು. ಹೊಟ್ಟೆ ಸುಧಾರಿಸಿದ ಮೇಲೆ ಕೆಂಚ ಒಣ ಕಾಳುಗಳನ್ನು ಮೂಸಿ ಪಕ್ಕಕ್ಕೆ ಹೋಗುತ್ತಿದ್ದ. ಬಂದ ಮೊದಲಲ್ಲಿ ಹಸಿವಿಗೆ ತಿಂದಿದ್ದ, ಈಗ ಬೇಡ. ವಾಂಡ ವಿರ್ವಿಕ ಎಂಬ ವಿಜ್ಞಾನಿ 1970ರ ದಶಕದಲ್ಲಿ ಮಾಡಿದ ಪ್ರಯೋಗವೊಂದು ನನಗೆ ಬಹಳ ಪ್ರಿಯ. ತಾಯಿಬೆಕ್ಕುಗಳಿಗೆ ಬಾಳೆಹಣ್ಣು ತಿನ್ನುವುದನ್ನು ಅಭ್ಯಾಸ ಮಾಡಿಸಿದರು. ಅವು ತಿನ್ನುವುದನ್ನು ನೋಡುತ್ತ ಬೆಳೆದ ಮರಿಗಳು, ಪಕ್ಕದಲ್ಲೇ ಮಾಂಸದ ಆಹಾರ ಇದ್ದರೂ ಬಾಳೆಹಣ್ಣಿಗೆ ಬಾಯಿ ಹಾಕಿದವು. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು, ಅದರ ನಾಲಿಗೆಯಲ್ಲಿ ಸಿಹಿ ಗ್ರಹಿಸುವ ಜೀನ್ ಕೆಟ್ಟುಹೋಗಿದೆ ಎಂದು 2005ರಲ್ಲಿ ಗೊತ್ತಾಯಿತು. ಆದರೂ ಅಮ್ಮ ತಿಂದಳು, ನಾವೂ ತಿನ್ನುತ್ತೇವೆ. ಯಾವುದು ಊಟ ಎಂಬುದನ್ನು ಮರಿ ತಾಯಿಯ ಬಾಯಿ ನೋಡಿ ಕಲಿಯುತ್ತದೆ. ಕೆಂಚನ ಅಮ್ಮ ಆ ಕಾಳನ್ನು ಎಂದೂ ತಿಂದವಳಲ್ಲ. ಅಂಥ ಮರಿಯನ್ನು ಹಸಿವಿಗೆ ಬಿಟ್ಟರೆ ತಾನಾಗಿ ತಿನ್ನುತ್ತದೆ ಎನ್ನುವ ಹಟ ನನಗೆ ಸರಿ ಕಾಣುವುದಿಲ್ಲ.

ಅದಕ್ಕೆ ಉಪಾಯ ನಿಧಾನ. ಮೊದಲ ಎರಡು ದಿನ ತಟ್ಟೆಯ ಕಾಲು ಭಾಗವಷ್ಟೇ ಹೊಸದು, ಮುಕ್ಕಾಲು ಒಗ್ಗಿರುವುದು. ಆಮೇಲೆ ಅರ್ಧಕ್ಕರ್ಧ, ಆಮೇಲೆ ಮುಕ್ಕಾಲು, ವಾರ ಹತ್ತು ದಿನಕ್ಕೆ ಪೂರ್ತಿ. ಒಮ್ಮೆ ಹೊಟ್ಟೆ ಕೆಟ್ಟ ಮರಿಗಾದರೆ ಎರಡು ವಾರ ಹಿಡಿದರೂ ಸೈ. ನಡುವೆ ಮಲ ಮೆತ್ತಗಾದರೆ ಹಿಂದಿನ ಮೆಟ್ಟಿಲಿಗೆ ಇಳಿದು ಒಂದೆರಡು ದಿನ ಅಲ್ಲೇ ನಿಲ್ಲುವುದು. ನಮ್ಮ ಹುಡುಗಿ ಕಾಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೋಳಿಯ ಎಳೆಯ ಜೊತೆ ಹಿಚುಕಿ ಕೊಟ್ಟಳು. ಹೊಸದಾಗಿ ಹಿಡಿದ ಇಲಿಯ ಮೈಯಷ್ಟು ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ಬೆಕ್ಕಿಗೆ ಊಟ ಶುರುವಾಗುವುದೇ ಮೂಗಿನಿಂದ. ನೆನೆಸಿದ್ದನ್ನು ಬಹಳ ಹೊತ್ತು ಬಿಡಬಾರದು, ಹಳಸುತ್ತದೆ.

ಆ ದಿನಗಳಲ್ಲಿ ಅವಳಿಗೆ ಎರಡು ಕೆಲಸ ಕೊಟ್ಟಿದ್ದೆ. ಒಂದು, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡುವುದು. ಈ ವಯಸ್ಸಿನ ಮರಿ ವಾರಕ್ಕೆ ನೂರು ಗ್ರಾಮಿನಷ್ಟು ಏರಬೇಕು. ಏರದೆ ನಿಂತರೂ ಯೋಚಿಸಬೇಕು, ಇಳಿದರೆ ಓಡಬೇಕು. ಇನ್ನೊಂದು, ಟ್ರೇ ನೋಡುವುದು. ಅಸಹ್ಯವೆಂದು ಮುಖ ತಿರುಗಿಸಿ ತೆಗೆದು ಬಿಸಾಡುವವರಿಗೆ ಮರಿ ಹೇಳುತ್ತಿರುವುದು ಕೇಳಿಸುವುದಿಲ್ಲ. ಒಂದೇ ಸಲ ತುಂಬ ನೀರಾಗಿ ಹೋದರೆ ತೊಂದರೆ ಸಣ್ಣ ಕರುಳಿನದು. ಗಳಿಗೆಗೊಮ್ಮೆ ಓಡಿ ತಿಣುಕಿ ಲೋಳೆ ಹಾಕಿದರೆ, ತುದಿಗೆ ಕೆಂಪು ರಕ್ತ ಕಂಡರೆ ದೊಡ್ಡ ಕರುಳಿನದು. ಡಾಂಬರಿನಂತೆ ಕಪ್ಪಗಿದ್ದರೆ ಮೇಲೆಲ್ಲೋ ರಕ್ತ ಒಸರುತ್ತಿದೆ, ಆಗ ಬೆಳಗಾಗಲಿ ಎಂದು ಕಾಯಬಾರದು. ಮರಿ ನೀರು ಕಳೆದುಕೊಂಡಿದೆಯೇ ಎಂದು ತಿಳಿಯಲು ಹೆಗಲ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಡಬೇಕು. ತಕ್ಷಣ ಕೂತರೆ ವಾಸಿ, ಗುಡಾರದ ಹಾಗೆ ನಿಂತರೆ, ಒಸಡು ಅಂಟಂಟಾಗಿದ್ದರೆ ಸೀದಾ ಆಸ್ಪತ್ರೆ. ಎಳೆಯ ಮರಿಯಲ್ಲಿ ಚರ್ಮದ ಪರೀಕ್ಷೆ ಅಷ್ಟು ನಂಬಿಕೆಯದಲ್ಲ, ಒಸಡನ್ನೂ ನೋಡಲೇಬೇಕು.

ಹತ್ತಿರ ಹತ್ತಿರ ಎರಡು ವಾರಕ್ಕೆ ಕೆಂಚನ ಮಲ ಗಟ್ಟಿಯಾಯಿತು, ಮರಳಿಗೆ ಅಂಟದೆ ಸಲೀಸಾಗಿ ಎತ್ತಬಹುದಾದಷ್ಟು. ಆ ಸುದ್ದಿಯನ್ನು ಅವಳು ಪರೀಕ್ಷೆ ಪಾಸಾದವರ ದನಿಯಲ್ಲಿ ಹೇಳಿದಳು. ಲಸಿಕೆಯೂ ಶುರುವಾಗಿದೆ. ಅತ್ತಿಗೆಗೆ ಹೇಳಿ ಊರಿನ ತಾಯಿಬೆಕ್ಕಿಗೂ ಉಳಿದ ಮರಿಗಳಿಗೂ ಹುಳದ ಔಷಧ ಹಾಕಿಸಿದ್ದಾಯಿತು. ಕರಟದ ಹಾಲನ್ನು ನಿಲ್ಲಿಸು ಎಂದು ಅತ್ತಿಗೆಗೆ ನಾನು ಹೇಳಲಿಲ್ಲ. ಆ ಎರಡು ಚಮಚದಿಂದ ಅಲ್ಲಿನ ಬೆಕ್ಕುಗಳಿಗೆ ಏನೂ ಆಗುತ್ತಿಲ್ಲ, ಅವುಗಳ ಅಟ್ಟ ಅವುಗಳಿಗಿದೆ.

ಮೊನ್ನೆ ಮತ್ತೆ ಫೋನ್. "ದೊಡ್ಡಮ್ಮ, ಮಂಗಳೂರಿನ ಫ್ರೆಂಡ್ ಮನೇಲಿ ಬೂತಾಯಿ ತಂದಿದಾರೆ, ಕೆಂಚನಿಗೆ ಅಂತ ನಾಲ್ಕು ಹಸಿ ಮೀನು ಕೊಟ್ಟಿದಾರೆ. ಹಾಗೇ ಹಾಕ್ಬಿಡ್ಲಾ?" ಹಾಗೇ ಬೇಡ ಎಂದೆ. ಹಸಿ ಬೂತಾಯಿಯಲ್ಲಿ ಬಿ-1 ವಿಟಮಿನ್ನನ್ನು ಹಾಳುಮಾಡುವ ಕಿಣ್ವ ಇರುತ್ತದೆ, ಬೇಯಿಸಿದರೆ ಹೋಗುತ್ತದೆ. ಎಣ್ಣೆ ಹೆಚ್ಚಿರುವ ಆ ಮೀನನ್ನು ದಿನಾ ಹಾಕಿದರೆ ವಿಟಮಿನ್ ಇ ಸಾಲದೆ ಚರ್ಮದಡಿಯ ಕೊಬ್ಬು ಉರಿಗೊಂಡು ಮುಟ್ಟಿದರೆ ನೋವಾಗುತ್ತದೆ. ಬೇಯಿಸಿ, ಮುಳ್ಳು ತೆಗೆದು, ಬೆರಳ ತುದಿಯಷ್ಟನ್ನು ದಿನದ ಊಟದಲ್ಲಿ ಬೆರೆಸು, ಎರಡು ದಿನ ಟ್ರೇ ನೋಡು, ಸರಿಯಿದ್ದರೆ ವಾರಕ್ಕೊಮ್ಮೆ ಸಾಕು, ಉಳಿದದ್ದನ್ನು ಫ್ರೆಂಡಿಗೇ ವಾಪಸು ಕೊಡು ಎಂದೆ. ಬಾಲ್ಕನಿಯ ಒಲೆಯನ್ನು ಮತ್ತೆ ಹೊರಗೆ ತೆಗೆಯುವ ಸದ್ದು ಫೋನಿನಲ್ಲೇ ಕೇಳಿಸಿತು.